ಮಾಯದ ಗಾಯಕ್ಕೆ ಲ್ಯಾಬಿನಲ್ಲಿ ಬೆಳೆಸಿದ ಚರ್ಮ: ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳುಗಟ್ಟಲೆ ಒಣಗದ ಹುಣ್ಣನ್ನು ಹೊತ್ತು ನಡೆಯುವವರಿಗಾಗಿ, ಮನೆಯಲ್ಲಿ ಕೂತು ಅದಕ್ಕೆ ಪಟ್ಟಿ ಕಟ್ಟುವವರಿಗಾಗಿ ಈ ಪುಟ. "ಲ್ಯಾಬಿನಲ್ಲಿ ಬೆಳೆಸಿದ ಚರ್ಮ ಹಾಕಿಸಿದರೆ ವಾಸಿಯಾಗುತ್ತದಂತೆ, ನಿಜವೇ?" ಎಂದು ಕೇಳುವವರು ಬಹಳ. ಒಂದೇ ಮಾತಿನಲ್ಲಿ ಹೌದು ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು. ಕೆಲವರ ಪಾದವನ್ನು ಉಳಿಸಿಕೊಡಬಲ್ಲ ಚಿಕಿತ್ಸೆ ಇದು. ಹದವಿಲ್ಲದ ಗಾಯಕ್ಕೆ ಅವಸರದಲ್ಲಿ ಹಾಕಿದರೆ ಮಾತ್ರ ದುಡ್ಡೂ ಹೋಗುತ್ತದೆ, ಸರಿಯಾದ ಆರೈಕೆಗೆ ಸಿಗಬೇಕಾಗಿದ್ದ ವಾರಗಳೂ ಹೋಗುತ್ತವೆ.

ಗಾಯ ಮಾಯುತ್ತಿಲ್ಲ ಎಂದು ಯಾವಾಗ ತೀರ್ಮಾನಿಸಬೇಕು?

ಅಳತೆ ಹಿಡಿದು ನೋಡಿದರೆ ಗೊತ್ತಾಗುತ್ತದೆ. ವಾರಕ್ಕೊಮ್ಮೆ ಗಾಯದ ಉದ್ದ, ಅಗಲ ಬರೆದಿಡಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಒಂದು ಫೋಟೊ ತೆಗೆಯಿರಿ. ಸಕ್ಕರೆ ಕಾಯಿಲೆಯವರ ಪಾದದ ಹುಣ್ಣು ಒಳ್ಳೆಯ ಆರೈಕೆ ಸಿಕ್ಕಿಯೂ 4 ವಾರದಲ್ಲಿ ಅರ್ಧಕ್ಕೆ ಇಳಿಯದಿದ್ದರೆ, 12 ವಾರದ ಹೊತ್ತಿಗೆ ಅದು ತಾನಾಗಿ ಮುಚ್ಚಿಕೊಳ್ಳುವ ಸಂಭವ ಕಡಿಮೆ. ದಿನಾ ನೋಡುವ ಕಣ್ಣಿಗೆ ಗಾಯ "ಸ್ವಲ್ಪ ಪರವಾಗಿಲ್ಲ" ಎಂದೇ ಕಾಣುತ್ತದೆ. ಬರೆದಿಟ್ಟ ಅಳತೆ ಹಾಗೆ ಸಮಾಧಾನ ಹೇಳುವುದಿಲ್ಲ. ನಾಲ್ಕನೇ ವಾರದಲ್ಲೂ ಅಳತೆ ಅಷ್ಟಕ್ಕಷ್ಟೇ ಇದ್ದರೆ ಅದೇ ಮುಲಾಮು, ಅದೇ ಪಟ್ಟಿ ಮುಂದುವರಿಸದೆ ಕಾರಣ ಹುಡುಕಬೇಕು.

ಕೆಲವು ಗಾಯಗಳು ಯಾಕೆ ಹೀಗೆ ನಿಂತುಬಿಡುತ್ತವೆ?

ಚರ್ಮ ಹರಿದಾಗ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ಊತ, ಕೆಂಪು, ಬಿಸಿ. ಬಿಳಿ ರಕ್ತಕಣಗಳು ಬಂದು ಕಸ ಗುಡಿಸುವ ಹೊತ್ತದು. ಆ ಮೇಲೆ ಹೊಸ ರಕ್ತನಾಳಗಳು ಚಿಗುರಿ, ಗುಂಡಿಯಲ್ಲಿ ಕೆಂಪು ಮಾಂಸ ತುಂಬಿ, ಅಂಚಿನಿಂದ ಹೊರಚರ್ಮ ಒಳಕ್ಕೆ ತೆವಳುತ್ತದೆ. ಕೊನೆಗೆ ಕಲೆ ಗಟ್ಟಿಯಾಗುತ್ತಾ ಹೋಗುತ್ತದೆ.

ಹಳೆಯ ಹುಣ್ಣು ಎರಡನೇ ಹಂತದಲ್ಲೇ ಸಿಕ್ಕಿಕೊಂಡಿರುತ್ತದೆ. ಕಸ ಗುಡಿಸಲು ಬಂದ ಕಣಗಳು ಹೋಗುವುದೇ ಇಲ್ಲ. ಅವು ಸುರಿಸುವ ಕಿಣ್ವಗಳು ಹೊಸದಾಗಿ ಕಟ್ಟಿದ ಕೊಲಾಜೆನ್ (ಚರ್ಮಕ್ಕೆ ಬಲ ಕೊಡುವ ಪ್ರೋಟೀನು) ಎಳೆಗಳನ್ನೂ ಬೆಳವಣಿಗೆಗೆ ಬೇಕಾದ ಪ್ರೋಟೀನುಗಳನ್ನೂ ಕತ್ತರಿಸಿ ಹಾಕುತ್ತವೆ. ಅಂಚಿನ ಜೀವಕೋಶಗಳು ಮುಪ್ಪಡರಿ, ಕರೆದರೂ ಓಗೊಡದ ಸ್ಥಿತಿಗೆ ಬಂದಿರುತ್ತವೆ. ಮೇಲಿನಿಂದ ಬ್ಯಾಕ್ಟೀರಿಯಾಗಳ ತೆಳು ಲೋಳೆಪದರ ಬೇರೆ. ಇಷ್ಟರ ಹಿಂದೆ ಒಂದು ಮೂಲ ಕಾರಣ ಇದ್ದೇ ಇರುತ್ತದೆ: ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ಕಾಲಿನ ಅಭಿಧಮನಿಗಳಲ್ಲಿ ರಕ್ತ ಮಡುಗಟ್ಟುವುದು, ಹೃದಯದಿಂದ ರಕ್ತ ತರುವ ಅಪಧಮನಿ ಕಟ್ಟಿಕೊಂಡು ರಕ್ತವೇ ತಲುಪದಿರುವುದು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋಗಿರುವುದು, ಮಲಗಿದಲ್ಲೇ ಇರುವವರಿಗೆ ಒಂದೇ ಜಾಗದ ಮೇಲೆ ಬೀಳುವ ಭಾರ. ಗಾಯ ನಮ್ಮ ಕಣ್ಣಿಗೆ ಬೀಳುತ್ತದೆ, ಕಾರಣ ಬೀಳುವುದಿಲ್ಲ.

ಹಾಗಾದರೆ ಈ "ಚರ್ಮದ ಬದಲಿ" ಎಂದರೆ ಏನು?

ಗಾಯದ ಮೇಲೆ ಹಾಸಲು ತಯಾರಿಸಿದ ತೆಳುವಾದ ಪದರ. ಕೆಲವದರಲ್ಲಿ ಮನುಷ್ಯರ ಜೀವಂತ ಜೀವಕೋಶಗಳೇ ಇರುತ್ತವೆ. ಕೆಲವದರಲ್ಲಿ ಜೀವಕೋಶ ಇರುವುದಿಲ್ಲ, ನಮ್ಮದೇ ಜೀವಕೋಶಗಳು ಹತ್ತಿ ಬೆಳೆಯಲು ಬೇಕಾದ ಚಪ್ಪರ ಮಾತ್ರ ಇರುತ್ತದೆ.

ಇದರ ಬೇರು 1975ರಲ್ಲಿದೆ. ಅಮೆರಿಕದ ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಜೇಮ್ಸ್ ರೈನ್‌ವಾಲ್ಡ್ ಮತ್ತು ಹೊವಾರ್ಡ್ ಗ್ರೀನ್ ಹೊರಚರ್ಮದ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಮತ್ತೆ ಮತ್ತೆ ಬೆಳೆಸುವ ದಾರಿ ಕಂಡುಕೊಂಡರು. ಅದಕ್ಕೆ ಮೊದಲು ಈ ಜೀವಕೋಶಗಳು ತಟ್ಟೆಯಲ್ಲಿ ಹೆಚ್ಚು ದಿನ ಬಾಳುತ್ತಿರಲಿಲ್ಲ. ಇಲಿಯ ಜೀವಕೋಶಗಳ ಪದರವೊಂದನ್ನು ಆಸರೆಯಾಗಿ ಕೊಟ್ಟಾಗ ಅವು ಬೆಳೆದವು. ಅಂಚೆಚೀಟಿಯಷ್ಟು ಚರ್ಮದಿಂದ ಇಡೀ ಮೈ ಹೊದಿಸುವಷ್ಟು ಹಾಳೆ ಬೆಳೆಸಬಹುದು ಎಂಬ ಆಸೆ ಹುಟ್ಟಿದ್ದು ಅಲ್ಲಿಂದ. 1981ರಲ್ಲಿ ಎರಡು ಬೇರೆ ದಾರಿಗಳೂ ತೆರೆದವು. ಶಸ್ತ್ರಚಿಕಿತ್ಸಕ ಜಾನ್ ಬರ್ಕ್ ಮತ್ತು ಎಂಜಿನಿಯರ್ ಯಾನಿಸ್ ಯಾನಸ್ ಕೊಲಾಜೆನ್ ಚಪ್ಪರದ ಮೇಲೆ ಸಿಲಿಕೋನ್ ಹಾಳೆ ಕೂರಿಸಿದ ಕೃತಕ ಒಳಚರ್ಮವನ್ನು ಸುಟ್ಟಗಾಯದವರಿಗೆ ಬಳಸಿದ್ದನ್ನು ವರದಿ ಮಾಡಿದರು. ಅದೇ ವರ್ಷ ಯೂಜಿನ್ ಬೆಲ್ ಅವರ ತಂಡ ಕೊಲಾಜೆನ್ ಒಳಗೆ ಜೀವಂತ ಜೀವಕೋಶ ಬೆರೆಸಿ ಎರಡು ಪದರದ ಚರ್ಮವನ್ನೇ ಕಟ್ಟಿ ತೋರಿಸಿತು. ಸುಟ್ಟಗಾಯಕ್ಕೆಂದು ಶುರುವಾದ ಈ ವಿದ್ಯೆ ಮಾಯದ ಹುಣ್ಣಿನ ಕಡೆ ತಿರುಗಿದ್ದು ಆಮೇಲೆ.

ಎಷ್ಟು ಬಗೆ ಇವೆ? ಹೆಸರು ಕೇಳಿ ಕೇಳಿ ತಲೆ ಕೆಟ್ಟಿದೆ.

ಹೆಸರುಗಳು ನೂರಿರಬಹುದು. ಎರಡು ವಿಷಯ ಕೇಳಿ ತಿಳಿದುಕೊಂಡರೆ ಸಾಕು: ಒಳಗೆ ಜೀವಂತ ಜೀವಕೋಶ ಇದೆಯೇ, ಮೂಲ ವಸ್ತು ಎಲ್ಲಿಂದ ಬಂದದ್ದು.

ಜೀವಕೋಶ ಇರುವವುಗಳಲ್ಲಿ ಆಪ್ಲಿಗ್ರಾಫ್ ಹಳೆಯದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ 1998ರಲ್ಲಿ ಅಭಿಧಮನಿ ತೊಂದರೆಯ ಕಾಲಿನ ಹುಣ್ಣಿಗೆ, 2000ದಲ್ಲಿ ಸಕ್ಕರೆ ಕಾಯಿಲೆಯ ಪಾದದ ಹುಣ್ಣಿಗೆ ಒಪ್ಪಿಗೆ ಕೊಟ್ಟಿತು. ದನದ ಕೊಲಾಜೆನ್‌ನಲ್ಲಿ ಒಳಚರ್ಮದ ಜೀವಕೋಶ, ಅದರ ಮೇಲೆ ಹೊರಚರ್ಮದ ಜೀವಕೋಶ. ಒಟ್ಟು ದಪ್ಪ ಒಂದು ಮಿಲಿಮೀಟರೂ ಇಲ್ಲ. ಡರ್ಮಾಗ್ರಾಫ್ಟ್‌ನಲ್ಲಿ ಒಳಚರ್ಮದ ಜೀವಕೋಶಗಳು ಮಾತ್ರ ಇರುತ್ತವೆ. ಮೈಯಲ್ಲಿ ತಾನಾಗಿ ಕರಗುವ ಹೊಲಿಗೆ ದಾರದಂಥ ಜಾಲರಿಯ ಮೇಲೆ ಅವನ್ನು ಬೆಳೆಸಿ, ಸೊನ್ನೆಗಿಂತ ಸುಮಾರು 75 ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸಿ ಇಡುತ್ತಾರೆ. ಅದಕ್ಕೆ 2001ರಲ್ಲಿ ಒಪ್ಪಿಗೆ ಸಿಕ್ಕಿತು.

ಜೀವಕೋಶ ಇಲ್ಲದವು ಇನ್ನೂ ಹೆಚ್ಚು: ಬರ್ಕ್ ಮತ್ತು ಯಾನಸ್ ದಾರಿಯಲ್ಲಿ ಬಂದ ಇಂಟೆಗ್ರಾ, ಹಂದಿಯ ಸಣ್ಣ ಕರುಳಿನ ಪದರದಿಂದ ಮಾಡಿದ ಒಯಾಸಿಸ್, ಐಸ್‌ಲ್ಯಾಂಡಿನ ಕಾಡ್ ಮೀನಿನ ಚರ್ಮದ ಕೆರೆಸಿಸ್, ದಾನವಾಗಿ ಬಂದ ಮಾನವ ಚರ್ಮದಿಂದ ಜೀವಕೋಶ ತೊಳೆದು ತೆಗೆದವು. ಹೆರಿಗೆಯಲ್ಲಿ ಸಿಗುವ ಗರ್ಭಪೊರೆಯನ್ನು ಒಣಗಿಸಿ ಮಾಡಿದವನ್ನೂ ಇದೇ ಸಾಲಿನಲ್ಲಿ ಇಡುತ್ತಾರೆ. ಇವನ್ನು ಇಟ್ಟುಕೊಳ್ಳುವುದು ಸುಲಭ. ಜೀವಕೋಶ ಇದ್ದ ಮಾತ್ರಕ್ಕೆ ಹೆಚ್ಚು ಒಳ್ಳೆಯದು ಎಂದು ನಂಬಬೇಡಿ. ಒಂದನ್ನು ಇನ್ನೊಂದರ ಎದುರು ನೇರವಾಗಿ ಇಟ್ಟು ನೋಡಿದ ಪರೀಕ್ಷೆಗಳು ಕಡಿಮೆ.

ಯಾರದೋ ಜೀವಕೋಶ ನನ್ನ ಮೈಗೆ ಹಾಕಿದರೆ ಮೈ ಒಪ್ಪುತ್ತದೆಯೇ?

ಕಿಡ್ನಿ ಕಸಿಯಲ್ಲಿ ಆಗುವಂಥ ತೀವ್ರ ತಿರಸ್ಕಾರ ಇಲ್ಲಿ ಆಗುವುದಿಲ್ಲ. ಅನ್ಯರ ಅಂಗವನ್ನು ಗುರುತಿಸಿ ಕೂಗೆಬ್ಬಿಸುವ ರಕ್ತನಾಳದ ಜೀವಕೋಶ, ಬಿಳಿಕಣ, ಚರ್ಮದ ಕಾವಲು ಕಣಗಳು ಈ ಪದರದಲ್ಲಿ ಇಲ್ಲ. ಹಾಗಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಗಳೂ ಬೇಕಿಲ್ಲ.

ಇಲ್ಲಿ ಬಹಳ ಜನ ತಪ್ಪು ತಿಳಿದುಕೊಳ್ಳುವ ಸಂಗತಿ ಒಂದಿದೆ. ಹಾಕಿದ ಚರ್ಮ ನಿಮ್ಮ ಚರ್ಮವಾಗಿ ಉಳಿಯುವುದಿಲ್ಲ. ಕೆಲವು ವಾರಗಳ ನಂತರ ಗಾಯದಲ್ಲಿ ಹುಡುಕಿದರೆ ದಾನಿಯ ಡಿಎನ್ಎ ಸಿಗುವುದಿಲ್ಲ. ಆ ಜೀವಕೋಶಗಳು ಇದ್ದಷ್ಟು ದಿನ ಬೆಳವಣಿಗೆಯ ಪ್ರೋಟೀನುಗಳನ್ನು ಸುರಿಸಿ, ಅಂಚಿನಲ್ಲಿ ಮಂಕಾಗಿ ಕೂತ ನಿಮ್ಮ ಜೀವಕೋಶಗಳನ್ನು ಎಬ್ಬಿಸುತ್ತವೆ. ಹೆಪ್ಪು ಹಾಕಿದ ಹಾಗೆ. ಹಾಲು ಮೊಸರಾಗುವುದು ಹಾಲು ಸರಿಯಿದ್ದರೆ ಮಾತ್ರ. ಗಾಯ ಮುಚ್ಚುವ ಕೆಲಸ ನಿಮ್ಮದೇ ದೇಹದ್ದು. ಆದ್ದರಿಂದಲೇ ದೇಹದ ಸ್ಥಿತಿಯ ಬಗ್ಗೆ ಮುಂದೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಿಜವಾಗಿ ಕೆಲಸ ಮಾಡುತ್ತದೆ ಎಂಬುದಕ್ಕೆ ಲೆಕ್ಕ ಇದೆಯೇ?

ಇದೆ, ಮತ್ತು ಆ ಲೆಕ್ಕವನ್ನು ಎರಡೂ ಕಡೆಯಿಂದ ಓದಬೇಕು. ಅಭಿಧಮನಿ ಹುಣ್ಣಿನ ಮೇಲಿನ ಪರೀಕ್ಷೆಯಲ್ಲಿ ಕಾಲಿನ ಊತ ಇಳಿಸುವ ಬಿಗಿಪಟ್ಟಿಯ ಜೊತೆ ಆಪ್ಲಿಗ್ರಾಫ್ ಪಡೆದವರಲ್ಲಿ 6 ತಿಂಗಳಿಗೆ ಶೇ. 63 ಮಂದಿಯ ಗಾಯ ಮುಚ್ಚಿತು. ಬರಿ ಬಿಗಿಪಟ್ಟಿಯವರಲ್ಲಿ ಶೇ. 49. ಒಂದು ವರ್ಷಕ್ಕಿಂತ ಹಳೆಯ ಹುಣ್ಣುಗಳನ್ನು ಬೇರೆ ಮಾಡಿ ನೋಡಿದಾಗ ಅಂತರ ಎದ್ದು ಕಂಡಿತು: 47 ಮತ್ತು 19. ಸಕ್ಕರೆ ಕಾಯಿಲೆಯ ಪಾದದ ಹುಣ್ಣು ಇದ್ದ 208 ಜನರ ಪರೀಕ್ಷೆಯಲ್ಲಿ 12 ವಾರಕ್ಕೆ ಆಪ್ಲಿಗ್ರಾಫ್ ಪಡೆದವರಲ್ಲಿ ಶೇ. 56, ಪಡೆಯದವರಲ್ಲಿ 38. ಡರ್ಮಾಗ್ರಾಫ್ಟ್‌ನ ಪರೀಕ್ಷೆಯಲ್ಲಿ 30 ಮತ್ತು 18.

ಅಂದರೆ ಲಾಭ ನಿಜ. ಹಾಗೆಯೇ, ಈ ಚರ್ಮ ಹಾಕಿಸಿಕೊಂಡೂ ಮಾಯದವರು ಎಲ್ಲ ಪರೀಕ್ಷೆಯಲ್ಲೂ ಇದ್ದರು, ಹಾಕಿಸದೆ ಒಳ್ಳೆಯ ಆರೈಕೆಯಿಂದಲೇ ಮಾಯ್ದವರೂ ಇದ್ದರು. ಮಧುಮೇಹದ ಪಾದದ ಹುಣ್ಣಿನ ಬಗ್ಗೆ 2016ರಲ್ಲಿ ಬಂದ, ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕಾಕ್ರನ್ ಸಂಸ್ಥೆಯ ವಿಮರ್ಶೆ 17 ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಗಾಯ ಪೂರ್ತಿ ಮುಚ್ಚುವ ಸಾಧ್ಯತೆ ಹೆಚ್ಚುತ್ತದೆ ಎಂದೇ ಹೇಳಿತು. ಹಲವು ಅಧ್ಯಯನಗಳಿಗೆ ತಯಾರಕರೇ ಹಣ ಕೊಟ್ಟಿದ್ದರು ಎಂಬುದನ್ನೂ ನೆನಪಿಡಬೇಕು. ಹಾಸಿಗೆ ಹುಣ್ಣಿಗೆ ಇಷ್ಟು ಗಟ್ಟಿ ಪುರಾವೆ ಇಲ್ಲ.

ಹಾಕಿಸುವ ಮೊದಲು ಏನೇನು ಆಗಿರಬೇಕು?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ.

ಮೊದಲು ರಕ್ತ. ಪಾದಕ್ಕೆ ರಕ್ತ ತಲುಪುತ್ತಿದೆಯೇ ಎಂದು ನೋಡದೆ ಅಲ್ಲಿ ಏನು ಹಾಸಿದರೂ ವ್ಯರ್ಥ. ಕಾಲಿನ ಗಿಣ್ಣಿನ ರಕ್ತದೊತ್ತಡವನ್ನು ತೋಳಿನ ಒತ್ತಡಕ್ಕೆ ಹೋಲಿಸಿ ನೋಡುವ ಸರಳ ಪರೀಕ್ಷೆ ಇದೆ. ಆ ಅನುಪಾತ 0.9ಕ್ಕಿಂತ ಕೆಳಗಿದ್ದರೆ ಅಪಧಮನಿ ಕಟ್ಟಿದೆ ಎಂದು ಅರ್ಥ. ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ರಕ್ತನಾಳದ ಗೋಡೆ ಸುಣ್ಣ ಕಟ್ಟಿ ಗಟ್ಟಿಯಾಗಿರುತ್ತದೆ, ಆಗ ಈ ಅಂಕಿ ಸುಳ್ಳಾಗಿ ಹೆಚ್ಚು ತೋರಿಸುತ್ತದೆ. ಅಂಥವರಿಗೆ ಕಾಲ್ಬೆರಳಿನ ಒತ್ತಡ ಅಳೆಯಬೇಕು. ತಡೆ ಇದ್ದರೆ ಬಲೂನು ಹಾಕಿಯೋ ಬೈಪಾಸ್ ಮಾಡಿಯೋ ರಕ್ತದ ದಾರಿ ತೆರೆದ ಮೇಲೆಯೇ ಚರ್ಮದ ಮಾತು.

ಆಮೇಲೆ ಸೋಂಕು. ಕೀವು, ವಾಸನೆ, ಸುತ್ತ ಹಬ್ಬುವ ಕೆಂಪು ಇದ್ದರೆ ಅದು ಹೋಗಬೇಕು. ಪಾದದ ಆಳವಾದ ಹುಣ್ಣಿನಲ್ಲಿ ವೈದ್ಯರು ಲೋಹದ ಸಣ್ಣ ಕಡ್ಡಿಯನ್ನು ಒಳಗೆ ಬಿಟ್ಟು ನೋಡುತ್ತಾರೆ. ಕಡ್ಡಿ ಮೂಳೆಗೆ ತಾಗಿದರೆ ಮೂಳೆಗೂ ಸೋಂಕು ಇಳಿದಿದೆಯೇ ಎಂಬ ಅನುಮಾನ ಬಲವಾಗುತ್ತದೆ. ಎಕ್ಸ್-ರೇ ಆರಂಭದ ವಾರಗಳಲ್ಲಿ ಸರಿಯಾಗಿಯೇ ಕಾಣಬಹುದು, ಹಾಗಾಗಿ ಅದೊಂದನ್ನೇ ನಂಬಿ ಕೂರಬಾರದು.

ಮೂರನೆಯದು ಕೆರೆದು ಶುಚಿ ಮಾಡುವುದು, ಆಸ್ಪತ್ರೆಯಲ್ಲಿ ಡಿಬ್ರೈಡ್‌ಮೆಂಟ್ ಎನ್ನುತ್ತಾರೆ. ಸತ್ತ ಮಾಂಸ, ಹಳದಿ ಪೊರೆ, ಅಂಚಿನಲ್ಲಿ ದಪ್ಪಗಟ್ಟಿದ ಜಡ್ಡು ಎಲ್ಲ ತೆಗೆದು ಕೆಂಪಾದ, ರಕ್ತ ಜಿನುಗುವ ನೆಲ ಕಾಣಬೇಕು. ಗಾಯ ದೊಡ್ಡದಾಯಿತು ಎಂದು ಮನೆಯವರು ಆಗ ಹೆದರುತ್ತಾರೆ. ಮುಚ್ಚಿಕೊಂಡಿದ್ದದ್ದು ತೆರೆದುಕೊಂಡಿದೆ, ಅಷ್ಟೇ.

ಇನ್ನು ಭಾರ. ಸ್ಪರ್ಶ ಕಳೆದ ಪಾದದ ಹುಣ್ಣು ಮಾಯದಿರಲು ದೊಡ್ಡ ಕಾರಣ ಅದರ ಮೇಲೆ ನಡೆಯುವುದು. ನೋವಿಲ್ಲ, ಹಾಗಾಗಿ ನಡೆಯುತ್ತಾರೆ. ಮೊಣಕಾಲಿನವರೆಗೆ ಹಾಕುವ, ತೆಗೆಯಲು ಬಾರದ ಪ್ಲಾಸ್ಟರ್ ಬೂಟು ಈ ಭಾರವನ್ನು ಹಂಚಿಬಿಡುತ್ತದೆ. ಬೇಕಾದಾಗ ತೆಗೆಯಬಹುದಾದ ಬೂಟು ಕೊಟ್ಟು ಗುಟ್ಟಾಗಿ ಹೆಜ್ಜೆ ಎಣಿಸಿದ ಅಧ್ಯಯನವೊಂದರಲ್ಲಿ, ದಿನದ ಓಡಾಟದ ಶೇ. 28ರಷ್ಟರಲ್ಲಿ ಮಾತ್ರ ಅದು ಕಾಲಿನಲ್ಲಿತ್ತು. ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ರಾತ್ರಿ ಬಚ್ಚಲಿಗೆ ಎದ್ದು ಹೋಗುವಾಗ ಬೂಟು ಹುಡುಕುವ ವ್ಯವಧಾನ ಯಾರಿಗಿರುತ್ತದೆ? ಆದರೆ ಆ ಹತ್ತು ಹೆಜ್ಜೆಯೂ ಹೊಸದಾಗಿ ಹಾಸಿದ ಪದರವನ್ನು ಉಜ್ಜಿ ಹಾಕುತ್ತದೆ.

ಅಭಿಧಮನಿ ಹುಣ್ಣಿಗೆ ಇದೇ ಜಾಗದಲ್ಲಿ ಬಿಗಿಪಟ್ಟಿ ಬರುತ್ತದೆ. ಊತ ಇಳಿಯದೆ ಚರ್ಮ ಹಿಡಿಯದು. ಅಪಧಮನಿ ಕಟ್ಟಿದವರಿಗೆ ಮಾತ್ರ ಬಿಗಿಪಟ್ಟಿ ಅಪಾಯ, ಅದಕ್ಕೇ ರಕ್ತಸಂಚಾರದ ಪರೀಕ್ಷೆ ಮೊದಲು ಎಂದದ್ದು. ಇವುಗಳ ಜೊತೆಗೆ ಸಕ್ಕರೆ ಹತೋಟಿ, ಊಟದಲ್ಲಿ ಸಾಕಷ್ಟು ಪ್ರೋಟೀನು, ಮತ್ತು ಬೀಡಿ ಸಿಗರೇಟು ಬಿಡುವುದು. ನಿಕೋಟಿನ್ ರಕ್ತನಾಳಗಳನ್ನು ಹಿಂಡುತ್ತದೆ.

ಯಾರಿಗೆ ಇದು ಬೇಡ?

ಸೋಂಕು ಇರುವ ಗಾಯಕ್ಕೆ ಬೇಡ. ಆಯಾ ಉತ್ಪನ್ನದಲ್ಲಿರುವ ದನದ ಕೊಲಾಜೆನ್, ಮೀನು ಮುಂತಾದವಕ್ಕೆ ಅಲರ್ಜಿ ಇರುವವರಿಗೆ ಬೇಡ. ವರ್ಷಗಟ್ಟಲೆ ಇರುವ, ಅಂಚು ಉಬ್ಬಿ ಗಂಟಾದ, ಮುಟ್ಟಿದರೆ ರಕ್ತ ಬರುವ ಹುಣ್ಣಿದ್ದರೆ ಮೊದಲು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಬಹಳ ಹಳೆಯ ಹುಣ್ಣು ಅಪರೂಪಕ್ಕೆ ಚರ್ಮದ ಕ್ಯಾನ್ಸರ್ ಆಗಿ ತಿರುಗುತ್ತದೆ. ಅದರ ಮೇಲೆ ಚರ್ಮ ಹಾಸಿ ಕಾಯುವುದು ದೊಡ್ಡ ತಪ್ಪು.

ಹಾಕುವಾಗ ನೋವಾಗುತ್ತದೆಯೇ? ಆಪರೇಷನ್ ಬೇಕೇ?

ಹೆಚ್ಚಿನವರಿಗೆ ಹೊರರೋಗಿ ವಿಭಾಗದಲ್ಲೇ ಆಗುತ್ತದೆ. ಗಾಯ ಕೆರೆಯುವಾಗ ನೋವಾದರೆ ಮರಗಟ್ಟಿಸುವ ಔಷಧ ಕೊಡುತ್ತಾರೆ, ಪದರ ಹಾಸುವುದು ನೋಯುವುದಿಲ್ಲ. ಕೆಳಗಿನ ನೀರು ಹೊರಬರಲು ಅದರಲ್ಲಿ ಸಣ್ಣ ಸೀಳುಗಳನ್ನು ಮಾಡಿ, ಗಾಯದ ಅಳತೆಗೆ ಕತ್ತರಿಸಿ, ಅಂಟುಪಟ್ಟಿ, ಹೊಲಿಗೆ ಅಥವಾ ಪಿನ್ನಿನಿಂದ ನಿಲ್ಲಿಸುತ್ತಾರೆ. ಮೇಲೆ ಅಂಟಿಕೊಳ್ಳದ ಡ್ರೆಸ್ಸಿಂಗ್. ಅದರ ಮೇಲೆ ಸ್ವಲ್ಪ ಒತ್ತಿ ಹಿಡಿಯುವ ಮೆತ್ತೆ, ಯಾಕೆಂದರೆ ಪದರ ಗಾಯದ ತಳಕ್ಕೆ ತಾಗಿಯೇ ಇರಬೇಕು. ಇಂಟೆಗ್ರಾದಂಥವಕ್ಕೆ ಆಪರೇಷನ್ ಕೋಣೆ ಬೇಕಾಗಬಹುದು.

ಮನೆಗೆ ಬಂದ ಮೇಲೆ ಹಳದಿ ಲೋಳೆ ಕಾಣುತ್ತಿದೆ. ಕೀವೇ?

ಜೀವಂತ ಪದರ ಗಾಯದ ನೀರು ಹೀರಿ ಹಳದಿಯೋ ಬಿಳಿಯೋ ಆದ ಮೆತ್ತನೆಯ ಲೋಳೆಯಂತೆ ಕಾಣುವುದು ಸಾಮಾನ್ಯ. ಕೀವೆಂದು ತಿಳಿದು ಒರೆಸಿ ತೆಗೆಯಬೇಡಿ, ನೀವು ಒರೆಸುತ್ತಿರುವುದು ಆ ಚರ್ಮವನ್ನೇ. ಒಳಗಿನ ಡ್ರೆಸ್ಸಿಂಗನ್ನು ಸಾಮಾನ್ಯವಾಗಿ ಒಂದು ವಾರ ಮುಟ್ಟುವುದಿಲ್ಲ, ಒದ್ದೆಯಾದ ಹೊರಪಟ್ಟಿಯನ್ನು ಮಾತ್ರ ಬದಲಿಸುತ್ತಾರೆ. ಅಯೋಡಿನ್, ಹೈಡ್ರೋಜನ್ ಪೆರಾಕ್ಸೈಡ್, ಕ್ಲೋರ್‌ಹೆಕ್ಸಿಡಿನ್ ಥರದ ಔಷಧ ಸುರಿದು "ಶುಚಿ" ಮಾಡಲು ಹೋಗಬೇಡಿ. ಅವು ರೋಗಾಣುವನ್ನು ಕೊಂದ ಹಾಗೆಯೇ ಹೊಸ ಜೀವಕೋಶಗಳನ್ನೂ ಕೊಲ್ಲುತ್ತವೆ.

ಜ್ವರ, ಹೆಚ್ಚುತ್ತಿರುವ ನೋವು, ಕೆಟ್ಟ ವಾಸನೆ, ಸುತ್ತ ಹಬ್ಬುವ ಕೆಂಪು, ಕಾರಣವಿಲ್ಲದೆ ಏರುವ ಸಕ್ಕರೆ ಕಂಡರೆ ವಾರ ಮುಗಿಯಲಿ ಎಂದು ಕಾಯದೆ ಅದೇ ದಿನ ಹೋಗಿ ತೋರಿಸಿ. ಸ್ಪರ್ಶ ಇಲ್ಲದವರಿಗೆ ನೋವು ಎಚ್ಚರಿಸುವುದಿಲ್ಲ, ಮೂಗು ಮತ್ತು ಕಣ್ಣೇ ಎಚ್ಚರಿಸಬೇಕು.

ಎಷ್ಟು ಸಲ ಹಾಕಬೇಕು?

ಒಂದೇ ಸಲಕ್ಕೆ ಮುಗಿಯುವುದು ಕಡಿಮೆ. ಪಾದದ ಹುಣ್ಣಿನ ಪರೀಕ್ಷೆಗಳಲ್ಲಿ ಆಪ್ಲಿಗ್ರಾಫನ್ನು ಹೆಚ್ಚೆಂದರೆ 5 ಸಲ, ಡರ್ಮಾಗ್ರಾಫ್ಟನ್ನು 8 ಸಲ ಹಾಕಿದ್ದರು. ಎರಡು ಮೂರು ಸಲ ಹಾಕಿದ ಮೇಲೂ ಅಳತೆ ಇಳಿಯದಿದ್ದರೆ ಇನ್ನೊಂದು ತುಂಡು ತರಿಸುವ ಬದಲು ಹಿಂದಕ್ಕೆ ಹೋಗಿ ರಕ್ತ, ಮೂಳೆ, ಭಾರ ಇವನ್ನೇ ಮತ್ತೆ ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನನ್ನ ತೊಡೆಯ ಚರ್ಮವನ್ನೇ ತೆಗೆದು ಹಾಕಬಾರದೇ?

ಹಾಕಬಹುದು, ದೊಡ್ಡ ಗಾಯಕ್ಕೆ ಅದು ಇವತ್ತಿಗೂ ಒಳ್ಳೆಯ ದಾರಿ. ಸ್ವಂತ ಚರ್ಮ ಹಿಡಿದರೆ ಅಲ್ಲೇ ಉಳಿಯುತ್ತದೆ. ತೊಂದರೆ ಏನೆಂದರೆ ತೆಗೆದ ಜಾಗದಲ್ಲಿ ಹೊಸದೊಂದು ಗಾಯ ಆಗುತ್ತದೆ. ಮಾಯುವ ಶಕ್ತಿಯೇ ಕುಂದಿದ ದೇಹದಲ್ಲಿ ಅದೂ ಸತಾಯಿಸಬಹುದು. ಮೂಳೆ, ಸ್ನಾಯುರಜ್ಜು ತೆರೆದುಕೊಂಡಲ್ಲಿ ಸ್ವಂತ ಚರ್ಮ ನೇರವಾಗಿ ಹಿಡಿಯುವುದಿಲ್ಲ. ಅಲ್ಲಿ ಮೊದಲು ಕೊಲಾಜೆನ್ ಚಪ್ಪರ ಹಾಸಿ, ಅದರೊಳಗೆ ರಕ್ತನಾಳ ಬೆಳೆದ ಮೇಲೆ ತೆಳು ಚರ್ಮ ಕಸಿ ಮಾಡುತ್ತಾರೆ. ಎರಡೂ ದಾರಿ ಕೂಡುವ ಜಾಗ ಅದು.

ಪ್ರಾಣಿಯಿಂದ ಬಂದದ್ದು ನನಗೆ ಒಗ್ಗದು. ಕೇಳಿದರೆ ತಪ್ಪಾಗುತ್ತದೆಯೇ?

ಖಂಡಿತ ಕೇಳಿ. ದನ, ಹಂದಿ, ಮೀನು, ಮನುಷ್ಯ, ಎಲ್ಲ ಮೂಲದವೂ ಇವೆ. ಮೇಲೆ ಹೇಳಿದ ಎರಡು ಜೀವಂತ ಪದರಗಳ ಜೀವಕೋಶಗಳು ಸುನ್ನತಿಯಲ್ಲಿ ತೆಗೆದ ಹಸುಗೂಸುಗಳ ಮುಂದೊಗಲಿನಿಂದ ಬಂದವು. ರೋಗಾಣುಗಳಿಗಾಗಿ ಅವನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿರುತ್ತಾರೆ. ನಿಮ್ಮ ನಂಬಿಕೆಗೆ ಒಪ್ಪದ್ದನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಹೇಳಿದರೆ ಬೇರೆ ಮೂಲದ್ದನ್ನು ಆರಿಸಬಹುದು.

ಮಾಯ್ದ ಜಾಗ ಮೊದಲಿನ ಚರ್ಮದಂತೆ ಇರುತ್ತದೆಯೇ?

ಇರುವುದಿಲ್ಲ. ಬೆವರಿನ ಗ್ರಂಥಿ, ಕೂದಲಿನ ಬೇರು ಮರಳಿ ಬರುವುದಿಲ್ಲ, ಬಣ್ಣವೂ ಒಂದೇ ಸಮ ಇರದು. ಕಲೆಗಟ್ಟಿದ ಚರ್ಮದ ಬಲ ಎಷ್ಟು ಕಾಲ ಕಳೆದರೂ ಮೊದಲಿನದರ ಶೇ. 80ರ ಆಸುಪಾಸಿಗೆ ನಿಲ್ಲುತ್ತದೆ.

ಸ್ವಂತ ಜೀವಕೋಶದಿಂದ ಶಾಶ್ವತ ಚರ್ಮ ಬೆಳೆಸಲು ಆಗುವುದಿಲ್ಲವೇ?

ಆಗುತ್ತದೆ, ಮತ್ತು ಆ ಕಥೆ ಮೈ ನವಿರೇಳಿಸುವಂಥದ್ದು. ಜರ್ಮನಿಯ ಬೋಖುಮ್ ಆಸ್ಪತ್ರೆಯಲ್ಲಿ, ಹುಟ್ಟಿನಿಂದಲೇ ಚರ್ಮ ಸುಲಿದು ಬರುವ ವಂಶವಾಹಿ ಕಾಯಿಲೆಯ 7 ವರ್ಷದ ಹುಡುಗನೊಬ್ಬ ಸಾವಿನ ಅಂಚಿನಲ್ಲಿದ್ದ. ಇಟಲಿಯ ಮೊಡೆನಾದಲ್ಲಿ ಮಿಕೆಲೆ ಡಿ ಲೂಕಾ ಅವರ ತಂಡ ಅವನ ಮೈಯ ಚೂರು ಚರ್ಮ ಪಡೆದು, ಕೆಟ್ಟ ಜೀನಿನ ಕೆಲಸ ಮಾಡಲು ಸರಿಯಾದದ್ದನ್ನು ಸೇರಿಸಿ, ಹಾಳೆ ಹಾಳೆಯಾಗಿ ಬೆಳೆಸಿ ಕೊಟ್ಟಿತು. ಅವನ ಮೈಯ ಸುಮಾರು ಶೇ. 80 ಭಾಗಕ್ಕೆ ಹೊಸ ಹೊರಚರ್ಮ ಬಂತು. 2017ರಲ್ಲಿ ಈ ವರದಿ ಪ್ರಕಟವಾಯಿತು. ಸಾಮಾನ್ಯ ಕಾಲಿನ ಹುಣ್ಣಿಗೆ ಈ ದಾರಿ ಬಳಕೆಯಲ್ಲಿಲ್ಲ. ಬೆಳೆಸಲು ವಾರಗಳು ಹಿಡಿಯುತ್ತವೆ, ಬರಿ ಹೊರಚರ್ಮದ ಹಾಳೆ ಬಹಳ ನವಿರು, ಮತ್ತು ರಕ್ತ ಇಲ್ಲದ ತಳದಲ್ಲಿ ಸ್ವಂತ ಜೀವಕೋಶವೂ ಬದುಕದು.

ವೈದ್ಯರನ್ನು ಏನು ಕೇಳಲಿ?

ಇಷ್ಟು ಕೇಳಿ: ನನ್ನ ಪಾದದ ರಕ್ತಸಂಚಾರ ಅಳೆದಿದ್ದೀರಾ, ಎಷ್ಟು ಬಂತು? ಮೂಳೆಗೆ ಸೋಂಕಿಲ್ಲ ಎಂದು ಹೇಗೆ ಗೊತ್ತಾಯಿತು? ಕಳೆದ 4 ವಾರದಲ್ಲಿ ಗಾಯ ಎಷ್ಟು ಇಳಿದಿದೆ? ಎಷ್ಟು ತುಂಡು ಬೇಕಾಗಬಹುದು, ಒಟ್ಟು ಖರ್ಚು ಎಷ್ಟು, ಯಾವ ಹಂತದಲ್ಲಿ ನಿಲ್ಲಿಸುತ್ತೀರಿ? ಒಂದು ಸಲ ತೆರೆದ ಪೊಟ್ಟಣದಲ್ಲಿ ಉಳಿದದ್ದನ್ನು ಮತ್ತೆ ಬಳಸಲು ಬರುವುದಿಲ್ಲ, ಆದ್ದರಿಂದ ಗಾಯದ ಅಳತೆಗೆ ಹತ್ತಿರದ ತುಂಡು ಸಿಗುತ್ತದೆಯೇ ಎಂದೂ ವಿಚಾರಿಸಿ. ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ.

ಗಾಯ ಮುಚ್ಚಿತು. ಇನ್ನು ಪಟ್ಟಿ, ಬೂಟು ಬಿಡಬಹುದೇ?

ಬಿಡಬೇಡಿ. ಮಧುಮೇಹದ ಪಾದದ ಹುಣ್ಣು ಮಾಯ್ದವರಲ್ಲಿ ಸುಮಾರು ಶೇ. 40 ಮಂದಿಗೆ ಒಂದು ವರ್ಷದೊಳಗೆ ಮತ್ತೆ ಹುಣ್ಣಾಗುತ್ತದೆ, ಐದು ವರ್ಷದ ಹೊತ್ತಿಗೆ ಶೇ. 65ರಷ್ಟು ಮಂದಿಗೆ. ಗಾಯ ಮುಚ್ಚಿದರೂ ಸ್ಪರ್ಶ ಮರಳಿಲ್ಲ, ಪಾದದ ಆಕಾರ ಬದಲಾಗಿಲ್ಲ. ಅಭಿಧಮನಿ ಹುಣ್ಣಿನವರು ಬಿಗಿ ಕಾಲುಚೀಲವನ್ನು ಮುಂದುವರಿಸಬೇಕು, ಉಬ್ಬಿದ ರಕ್ತನಾಳಕ್ಕೆ ಚಿಕಿತ್ಸೆ ಸಾಧ್ಯವೇ ಎಂದು ಕೇಳಬೇಕು. ಪಾದದ ಹುಣ್ಣಿನವರು ದಿನಾ ರಾತ್ರಿ ಅಂಗಾಲನ್ನು ಕನ್ನಡಿ ಹಿಡಿದು ನೋಡಿಕೊಳ್ಳಿ, ಕಣ್ಣು ಮಂಜಾಗಿದ್ದರೆ ಮನೆಯವರಿಗೆ ತೋರಿಸಿ. ಪಾದರಕ್ಷೆ ಹಾಕುವ ಮುಂಚೆ ಅದರೊಳಗೆ ಕೈಯಾಡಿಸಿ. ಸ್ಪರ್ಶ ಇಲ್ಲದ ಕಾಲಿಗೆ ಒಳಗಿರುವ ಕಲ್ಲಿನ ಚೂರು ಗೊತ್ತಾಗುವುದಿಲ್ಲ, ಕೈಗೆ ಗೊತ್ತಾಗುತ್ತದೆ.